ಈರಕ್ಕನ ದವನಕ್ಕೆ ಹೆಪ್ಪು

ಹೊಳವನಹಳ್ಳಿಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಮಹಾಲಿಂಗಯ್ಯನವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಕೇಳದಿದ್ದರೂ ಹೇಳುತ್ತಾರೆ, ಅದೇ ಕಷ್ಟ. ಊರಾಚೆ ಹತ್ತು ಗುಂಟೆಯಲ್ಲಿ ದವನ ಬೆಳೆಯುವ ಈರಕ್ಕನಿಗಂತೂ ಇಪ್ಪತ್ತು ವರ್ಷದಿಂದ ಬುದ್ಧಿ ಹೇಳುತ್ತಲೇ ಇದ್ದಾರೆ.

ಈರಕ್ಕ ಕುರಿ ಕಾಯುವ ಮನೆಯವಳು. ಅತ್ತೆಯಿಂದ ಅವಳಿಗೆ ಬಂದದ್ದು ಒಂದು ಹಿಡಿ ದವನದ ಬೀಜ ಮತ್ತು ಒಂದು ಪದ್ಧತಿ. ಹೊಸ ಮಡಿ ಮಾಡುವಾಗ ಹಳೆ ಮಡಿಯಿಂದ, ಒಣಗಿದ ಬೇರಿನ ಸಮೇತ, ಮಣ್ಣು ತಂದು ಬೆರೆಸಬೇಕು. "ಹಾಲ್ಗೆ ಹೆಪ್ಪು ಹಾಕ್ದಂಗೆ" ಎನ್ನುತ್ತಾಳೆ. ದವನದ ಬೀಜ ವರ್ಷ ಕಳೆದರೆ ಸರಿಯಾಗಿ ಮೊಳೆಯುವುದಿಲ್ಲ. ಒಂದು ವರ್ಷ ಗಿಡ ಒಣಗಿದರೆ ಅತ್ತೆಯ ತಳಿ ಅಲ್ಲಿಗೆ ಮುಗಿಯಿತು.

"ಮಣ್ಣಿಗೆ ಮಣ್ಣು ಹಾಕಿ ಏನ್ ಬೆಳೀತೀಯಮ್ಮ?" ಎಂದು ಮಹಾಲಿಂಗಯ್ಯ ಅಂಗಡಿಗೆ ಬಂದವರನ್ನೆಲ್ಲ ನಗಿಸುತ್ತಿದ್ದರು.

ಹೋದ ವರ್ಷ ಕೊರಟಗೆರೆಯ ತರಬೇತಿಗೆ ಹೋಗಿಬಂದ ಮೇಲೆ ಅವರಿಗೆ ಜ್ಞಾನೋದಯವಾಯಿತು. ಕಣ್ಣಿಗೆ ಕಾಣದ ಒಳ್ಳೆಯ ಶಿಲೀಂಧ್ರವೊಂದು ಬೇರಿಗೆ ಅಂಟಿಕೊಂಡು, ಬೇರು ಮುಟ್ಟಲಾರದ ಸಂದಿಯಿಂದಲೂ ನೀರು ಎಳೆದುಕೊಡುತ್ತದಂತೆ. ಮಳೆ ಕೈಕೊಟ್ಟರೂ ಗಿಡ ತಡೆದುಕೊಳ್ಳುತ್ತದಂತೆ. ಹಳೆ ಬೇರಿನ ಮಣ್ಣಲ್ಲೇ ಅದು ಬೇಕಾದಷ್ಟು ಇರುತ್ತದೆಂದೂ ಅಲ್ಲಿ ಹೇಳಿದ್ದರು. ಆ ಹೊತ್ತಿಗೆ ಇವರು ಊಟದ ಸಾಲಿನಲ್ಲಿದ್ದರು. ಮರುವಾರವೇ ಅಂಗಡಿಗೆ ಶಿಲೀಂಧ್ರದ ಪೊಟ್ಟಣಗಳು ಬಂದವು.

ಈರಕ್ಕನ ಅರ್ಧ ಹೊಲದಲ್ಲಿ ಪ್ರಯೋಗ ಮಾಡಿಯೇ ತೀರುವುದೆಂದು ಹಟ ಹಿಡಿದರು. ಅವಳು ಬೇಡವೆನ್ನುವಷ್ಟರಲ್ಲಿ ಗಂಡ ದಾಸಣ್ಣ ಹೂಂ ಎಂದುಬಿಟ್ಟ. ಮಹಾಲಿಂಗಯ್ಯ ನೀರಿನ ಡ್ರಮ್ಮಿಗೆ ಪೊಟ್ಟಣ ಸುರಿದರು. ಕೊಳೆರೋಗ ಬಾರದಿರಲೆಂದು ಅದೇ ಡ್ರಮ್ಮಿಗೆ ಶಿಲೀಂಧ್ರನಾಶಕವನ್ನೂ ಸುರಿದು, ಗಿಡಗಳ ಬುಡಕ್ಕೆ ಹುಯ್ಯಿಸಿದರು. ಎರಡನ್ನೂ ಬೆರೆಸಬಾರದೆಂದು ಪೊಟ್ಟಣದ ಮೇಲೆ ಕನ್ನಡದಲ್ಲೇ ಅಚ್ಚಾಗಿತ್ತು. ಮಾರುವವರು ಓದುವುದುಂಟೇ? ನೆಂಟರನ್ನು ಕರೆದು ಅನ್ನಕ್ಕೆ ವಿಷ ಬೆರೆಸಿದಂತಾಯಿತು. ಪೊಟ್ಟಣದ್ದೂ ಸತ್ತಿತು, ಆ ಕಡೆಯ ಮಣ್ಣಿನಲ್ಲಿ ಮೊದಲೇ ಇದ್ದದ್ದೂ ಸತ್ತಿತು.

ಫೆಬ್ರವರಿಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟು ಹದಿನೆಂಟು ದಿನ ನೀರಿಲ್ಲ. ಪ್ರಯೋಗದ ಅರ್ಧ ಪೂರ್ತಿ ಒಣಗಿತು, ಮುಟ್ಟಿದರೆ ಸೊಪ್ಪು ಪುಡಿಯಾಗುತ್ತಿತ್ತು. ಈರಕ್ಕ ಬದುವಿನ ಮೇಲೆ ಕೂತು ಅತ್ತಳು. ಉಳಿದರ್ಧ ಮಧ್ಯಾಹ್ನ ಬಾಡಿ, ಸಂಜೆಗೆ ತಲೆಯೆತ್ತುತ್ತ, ಹೇಗೋ ಹೂವಿಗೆ ಬಂದು ಬೀಜ ಕಟ್ಟಿತು.

ಅವಳು ಬೀಜ ಉದುರಿಸಿಕೊಳ್ಳುತ್ತಿದ್ದಾಗ ಮಹಾಲಿಂಗಯ್ಯ ಬಂದರು. ಎರಡೂ ಕಡೆ ನೋಡಿ ತಲೆ ಕೆರೆದುಕೊಂಡರು.

"ಅಲ್ಲಮ್ಮ, ಈ ಕಡೆಗೆ ಏನೋ ಹಾಕಿದ್ದೀಯ. ನಿಜ ಹೇಳ್ಬುಡು."

ಈರಕ್ಕ ತಲೆಯೆತ್ತಲಿಲ್ಲ. "ವರ್ಸಾ ವರ್ಸಾ ಹಾಕೋ ಮಣ್ಣೇ ಸ್ವಾಮಿ, ಎರ್ಡೂ ಕಡೆಗೂವೆ. ಈ ಕಡೆಗೆ ನೀವು ಬರ್ಲಿಲ್ಲ, ಅಷ್ಟೇಯ."