ಅಪ್ಪನಿಗೆ ಬಂದ ಸಂಸೋನ

ಹಾವೇರಿ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ರಾಣೇಬೆನ್ನೂರಿನ ಕಿರಾಣಿ ಅಂಗಡಿಗಳ ಮುಂದೆ ರೂಪಾಯಿ ಹಾಕಿ ಮಾತಾಡುವ ಕೆಂಪು ಫೋನುಗಳು ತೂಗಾಡುತ್ತಿದ್ದ ಕಾಲ. ನಮ್ಮದು ಸಣ್ಣ ಕ್ರೈಸ್ತ ಸಭೆ. ಎಲ್ಲರೂ ತಪ್ಪದೆ ಬಂದರೂ ಹಿಂದಿನ ಬೆಂಚುಗಳು ಖಾಲಿಯೇ ಉಳಿಯುತ್ತಿದ್ದವು. ಆ ವರ್ಷ ನಮ್ಮ ಸಭಾಪಾಲಕರಿಗೆ ಒಂದು ವಿಚಾರ ಹೊಳೆಯಿತು. ನಾವೆಲ್ಲ ಅವರನ್ನು ಅಯ್ಯನವರು ಎಂದೇ ಕರೆಯುತ್ತಿದ್ದೆವು. ಸತ್ಯವೇದದ ನಂಬಿಕೆಯ ವೀರರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕುವುದು, ಒಬ್ಬೊಬ್ಬರು ಒಂದೊಂದು ಎತ್ತುವುದು. ಯಾರ ಹೆಸರು ಬಂತೋ ಅವರಂತೆ ವರ್ಷವಿಡೀ ಬಾಳಲು ನೋಡಬೇಕು. ಸರದಿ ಬಂದ ಭಾನುವಾರ ಎದ್ದು ನಿಂತು ಆ ವೀರನ ಕತೆ ಹೇಳಬೇಕು.

ಎಲ್ಲರಿಗೂ ಕವಣೆಕಲ್ಲಿನಿಂದ ದೈತ್ಯನನ್ನು ಕೆಡವಿದ ದಾವೀದನೇ ಬೇಕಾಗಿದ್ದ. ಅವನು ಕಣ್ಣು ಸರಿಯಾಗಿ ಕಾಣದ ಒಬ್ಬ ನಿವೃತ್ತ ನರ್ಸ್ ಬಾಯಿಯ ಪಾಲಾದ. ಆಜಾನುಬಾಹು ಬೇಕರಿ ಮಾಲೀಕರಿಗೆ, ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಜಕ್ಕಾಯ ಬಂದ. ನನಗೆ ಬಂದವಳು ರೂತಳು. ಅತ್ತೆಯ ಕೈ ಬಿಡದೆ ಪರದೇಶದವರೆಗೂ ಹಿಂಬಾಲಿಸಿದವಳು. ನಾನಾಗ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾಗಿದ್ದೆ, ಮದುವೆಯಾಗಿರಲಿಲ್ಲ. ಅಂದಿನಿಂದ ಸಭೆಯ ಹಿರಿಯ ಹೆಂಗಸರು ನನಗೆ ಗಂಡು ನೋಡುವುದನ್ನು ಬಿಟ್ಟು ಅತ್ತೆ ನೋಡತೊಡಗಿದರು.

ಅಪ್ಪನ ಚೀಟಿ ಬಿಚ್ಚಿದಾಗ ಮಾತ್ರ ಯಾರಿಗೂ ನಗು ತಡೆಯಲಾಗಲಿಲ್ಲ. ಸಂಸೋನ! ಬರಿಗೈಯಲ್ಲಿ ಸಿಂಹವನ್ನು ಸೀಳಿದವನು, ಉದ್ದ ಕೂದಲಿನಲ್ಲೇ ಬಲವಿದ್ದವನು. ಅಪ್ಪ ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತ. ದಿನಾ ರೈಲಿನಲ್ಲಿ ಓಡಾಟ. ಅಂಗಿಗೆ ಹತ್ತಿದ ಘಾಟಿಗೆ ಪಕ್ಕದಲ್ಲಿ ಕೂತವರು ಸೀನುತ್ತ ಎದ್ದು ಹೋಗುತ್ತಿದ್ದರು, ಅಷ್ಟೇ ಅವನ ಪರಾಕ್ರಮ. ಮೈಯಲ್ಲಿ ಮಾಂಸವಿರಲಿಲ್ಲ, ತಲೆ ನುಣ್ಣಗೆ, ಕಿವಿಗಳ ಮೇಲೆ ಮತ್ತು ಹಿಂದೆ ಒಂದು ತೆಳು ಅಂಚು ಮಾತ್ರ.

"ಅಯ್ಯನವರ, ಇದನ್ನ ಬೇಕರಿಯವರಿಗೆ ಕೊಡ್ರಿ. ಅವರದು ನನಗ ಕೊಡ್ರಿ," ಎಂದು ಅಪ್ಪ ಬೇಡಿಕೊಂಡ.

ಬೇಕರಿಯವರೂ ಎದ್ದರು. "ಹೌದ್ರಿ. ಜಕ್ಕಾಯ ಗಿಡಾ ಹತ್ತಿದ್ದ. ನಾ ಹತ್ತಿದ್ರ ಗಿಡಾ ಉಳಿಯಂಗಿಲ್ರಿ."

ಅಯ್ಯನವರು ಒಪ್ಪಲಿಲ್ಲ. "ದೇವರು ಯಾರಿಗೆ ಏನು ಕೊಡಬೇಕೋ ಅದನ್ನ ಕೊಟ್ಟಾನ. ಕುಂದ್ರಿ," ಎಂದರು.

ಅವ್ವನಿಗೆ ದೆಬೋರಳು ಬಂದಿದ್ದಳು. ಖರ್ಜೂರದ ಮರದ ಕೆಳಗೆ ಕೂತು ಜನರಿಗೆ ನ್ಯಾಯ ತೀರಿಸುತ್ತಿದ್ದವಳು. ಅವ್ವ ಮನೆಯಲ್ಲಿ ಜಂಪರು ಹೊಲಿಯುತ್ತಿದ್ದಳು. ಓಣಿಯ ಹೆಂಗಸರೆಲ್ಲ ಹೇಗೂ ಬರುವವರೇ. ಮರುದಿನವೇ ಬಾಗಿಲ ಮುಂದಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿ, ಟೇಪು ಕೊರಳಿಗೆ ಹಾಕಿಕೊಂಡು ಕೂತಳು. ದೆಬೋರಳು ಯಾರೆಂದು ಓಣಿಯವರಿಗೆ ಗೊತ್ತಿರಲಿಲ್ಲ, ಆದರೆ ಜಗಳಗಳಿಗೇನೂ ಕೊರತೆಯಿರಲಿಲ್ಲ.

ಮೊದಲ ವ್ಯಾಜ್ಯ ಕೋಳಿಯದು. ಎಡಮನೆಯವರ ಕೋಳಿ ಬಲಮನೆಯ ಕಟ್ಟಿಗೆ ಗೂಡಿನಲ್ಲಿ ಮೊಟ್ಟೆ ಇಡುತ್ತಿತ್ತು. ಮೊಟ್ಟೆ ಯಾರದು? ಅವ್ವ ಇಬ್ಬರ ಮಾತನ್ನೂ ಗಂಭೀರವಾಗಿ ಕೇಳಿ, "ಕೋಳಿನ್ನ ನಡುವ ಬಿಡ್ರಿ. ಅದು ಯಾರ ಮನಿಗೆ ಹೊಕ್ಕತಿ, ಇವತ್ತಿನ ತತ್ತಿ ಅವರದು," ಎಂದು ತೀರ್ಪು ಕೊಟ್ಟಳು. ಕೋಳಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ನೇರವಾಗಿ ನಮ್ಮ ಮನೆಗೆ ನಡೆದು ಹೊಲಿಗೆ ಯಂತ್ರದ ಕೆಳಗೆ, ತುಂಡುಬಟ್ಟೆಗಳ ರಾಶಿಯ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಕೂಗಿತು. ಅವ್ವ ತಾನು ಆಡಿದ ಮಾತಿಗೆ ತಪ್ಪಲಿಲ್ಲ. ಮೊಟ್ಟೆಯನ್ನು ನಾವೇ ತಿಂದೆವು. ಆಶ್ಚರ್ಯವೆಂದರೆ ಓಣಿಯಲ್ಲಿ ಅವಳ ಗೌರವ ಹೆಚ್ಚಿತು. "ಅಕ್ಕಾರು ಕೋಳಿಗೂ ಮಾತಾಡಾಕ ಅವಕಾಶ ಕೊಡ್ತಾರ," ಎಂದು ಬಲಮನೆಯಾಕೆ ಎಲ್ಲರಿಗೂ ಹೇಳಿಕೊಂಡು ಬಂದಳು.

ಅಪ್ಪನಿಗೆ ಇದನ್ನು ತಡೆಯಲಾಗಲಿಲ್ಲ. ಹೆಂಡತಿ ದೆಬೋರಳಾಗಿ ಮೆರೆಯುವಾಗ ತಾನೊಬ್ಬನೇ ಮುಖ ಮುಚ್ಚಿಕೊಂಡು ಕೂರುವುದು ಹೇಗೆ? ಸಂಸೋನನ ಅಧ್ಯಾಯಗಳನ್ನು ಓದಲು ಶುರುಮಾಡಿದ. ರೈಲಿನಲ್ಲಿ ಓದಿದ, ಊಟದ ಮುಂದೆ ಓದಿದ. ಕೊನೆಗೆ ಕ್ಷೌರ ಬಿಟ್ಟ. ಇದ್ದ ಅಂಚಾದರೂ ಬೆಳೆಯಲಿ ಎಂಬುದು ಅವನ ಲೆಕ್ಕ.

ಅದು ಬೆಳೆಯಿತು. ನಡುವೆ ಬಯಲು, ಸುತ್ತ ತೂಗಾಡುವ ಕೂದಲು. ಗಾಳಿ ಬಂದರೆ ಎರಡೂ ಕಿವಿಗಳ ಮೇಲಿನದು ರೆಕ್ಕೆಯಂತೆ ಏಳುತ್ತಿತ್ತು. ಒಂದು ಸಂಜೆ ಸ್ಟೇಷನ್ ರೋಡಿನಲ್ಲಿ ನಾವಿಬ್ಬರೂ ಬರುತ್ತಿದ್ದಾಗ ಅವನ ಹಳೆಯ ಕ್ಷೌರಿಕ ಅಡ್ಡ ಬಂದ.

"ಯಾಕ್ರಿ ಸಾಹೇಬ್ರ, ಬ್ಯಾರೆ ಅಂಗಡಿ ಹಿಡದ್ರೇನು?"

"ಇಲ್ಲಪಾ. ಒಂದು ವ್ರತ ಐತಿ."

"ಹಂಗೇನು! ತಿರುಪತಿಗೆ ಹರಕಿ ಹೊತ್ತೀರೇನ್ರಿ?"

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. ಸಂಸೋನನ ಶತ್ರುಗಳಾದ ಫಿಲಿಷ್ಟಿಯರು, ಅವನಿಗೆ ಮೋಸ ಮಾಡಿದ ದೆಲೀಲಳು, ಕೂದಲು ಕತ್ತರಿಸದ ನಾಜೀರ ವ್ರತ ಎಲ್ಲವನ್ನೂ ರಸ್ತೆಯಲ್ಲಿ ನಿಂತು ವಿವರಿಸುವುದು ಅವನಿಂದಾಗುವ ಕೆಲಸವಾಗಿರಲಿಲ್ಲ. "ಹಂಗ ಅನ್ಕೊಪಾ," ಎಂದ. ಕ್ಷೌರಿಕ ಭಕ್ತಿಯಿಂದ ಕೈ ಮುಗಿದು, ಬರುವಾಗ ಲಾಡು ತರಬೇಕೆಂದು ಹೇಳಿ ಕಳಿಸಿದ.

ಅಪ್ಪನ ಸರದಿ ಬಂದದ್ದು ಬೇಸಿಗೆಯಲ್ಲಿ. ಮಳೆಗಾಲದೊಳಗೆ ದೇವಾಲಯದ ಹಂಚು ಹೊಸದಾಗಿ ಹೊದಿಸಬೇಕೆಂದು ಮಾಡು ಬಿಚ್ಚಿದ್ದರು. ಹಾಗಾಗಿ ಆರಾಧನೆ ಅಂಗಳದಲ್ಲಿ, ಪೆಂಡಾಲ್ ಕೆಳಗೆ. ಪೆಂಡಾಲ್ ಹಾಕಿದವನು ಗಟ್ಟಿಮುಟ್ಟಾದ ಮನುಷ್ಯ. ಹಸಿರು, ಹಳದಿ, ಗುಲಾಬಿ ಪಟ್ಟೆಯ ಆ ಬಟ್ಟೆಯನ್ನು ಹೊಸದಾಗಿ ಹೊಲಿಸಿದ್ದ, ಮೊದಲ ಸಲ ನಮಗೇ ಕಟ್ಟಿದ್ದ. ಕಟ್ಟಿ ಮುಗಿಸಿ, "ನೆಲದಾಗ ಬರೇ ಕಲ್ಲು ಅದಾವ್ರಿ, ಕಂಬ ಆಳ ಇಳದಿಲ್ಲ. ಯಾರೂ ಕೈ ಹಚ್ಚಬ್ಯಾಡ್ರಿ," ಎಂದು ಅಯ್ಯನವರಿಗೆ ಹೇಳಿದ. ಅಯ್ಯನವರು ಅದನ್ನು ಪ್ರಕಟಣೆಯಲ್ಲಿ ಓದಲು ಮರೆತರು.

ಅಪ್ಪ ಎದ್ದು ನಿಂತ. ಮೊದಲು ಮುಂದಿನ ಸಾಲಿಗಷ್ಟೇ ಕೇಳುವಂತೆ ಹೇಳಿದ. ಆಮೇಲೆ ಸಿಂಹ ಬರುತ್ತಿದ್ದಂತೆ ಗಂಟಲು ತೆರೆಯಿತು. ಸಂಸೋನ ಕತ್ತೆಯ ದವಡೆ ಎಲುಬಿನಿಂದ ಸಾವಿರ ಜನರನ್ನು ಹೊಡೆದುರುಳಿಸುವ ಹೊತ್ತಿಗೆ, ಹೇಳುತ್ತಿದ್ದವನು ಅಪ್ಪನೇ ಅಲ್ಲ ಅನ್ನಿಸಿತು. ದೆಲೀಲಳು ಅವನ ಕೂದಲು ತೆಗೆಸಿದಾಗ ನರ್ಸ್ ಬಾಯಿ ಕಣ್ಣೊರೆಸಿಕೊಂಡರು. ಫಿಲಿಷ್ಟಿಯರು ಅವನ ಕಣ್ಣು ಕಿತ್ತರು, ಬೀಸುವ ಕಲ್ಲಿಗೆ ಕಟ್ಟಿದರು, ಗುಡಿಗೆ ಎಳೆತಂದು ನಗಾಡಿದರು.

"ಆವಾಗ ಸಂಸೋನ," ಅಪ್ಪ ಅಂದ, "ಒಂದು ಕೈಯಾಗ ಒಂದು ಕಂಬ, ಇನ್ನೊಂದು ಕೈಯಾಗ ಇನ್ನೊಂದು ಕಂಬ ಹಿಡದ."

ಮುಂದಿನ ಸಾಲಿನ ಎರಡು ಬಿದಿರು ಕಂಬಗಳು ಅವನ ಎರಡೂ ಪಕ್ಕಕ್ಕೆ ಕೈಗೆಟಕುವಂತಿದ್ದವು. ಹಿಡಿದ. ಅಷ್ಟೇ, ಎಳೆಯಲಿಲ್ಲ ಎಂದು ಸಾಯುವವರೆಗೂ ವಾದಿಸುತ್ತಿದ್ದ. ಎರಡೂ ಕಂಬ ಬೇರುಸಮೇತ ಬಂದಂತೆ ಮೇಲೆದ್ದವು. ಹಗ್ಗಗಳು ಪಟಪಟ ಕಳಚಿದವು. ಇಡೀ ಪೆಂಡಾಲು ಒಮ್ಮೆ ಉಸಿರೆಳೆದುಕೊಂಡು ಸಭೆಯ ಮೇಲೆ ನಿಧಾನವಾಗಿ ಮಲಗಿತು.

ನನಗೆ ಎಲ್ಲವೂ ಗುಲಾಬಿಯಾಗಿ ಕಂಡಿತು. ಪಕ್ಕದಲ್ಲಿ ಯಾರೋ ಕಿರುಚಿದರು, ಯಾರೋ ನನ್ನ ಜಡೆ ಹಿಡಿದರು. ಬಟ್ಟೆಯೊಳಗಿಂದ ಅಯ್ಯನವರ ಧ್ವನಿ ಕೇಳಿತು: "ಯಾರೂ ಓಡಾಡಬ್ಯಾಡ್ರಿ! ಕುಂತಲ್ಲೇ ಹಾಡ್ರಿ!" ಹಾರ್ಮೋನಿಯಂ ನುಡಿಸುವವರು ಬಟ್ಟೆಯ ಕೆಳಗೇ ಸ್ವರದ ಮನೆಗಳನ್ನು ತಡಕಿ ಹಿಡಿದರು. ಎಲ್ಲರೂ ಹಾಡಿದೆವು. ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ಪಟ್ಟೆಪಟ್ಟೆಯ ಒಂದು ಗುಡ್ಡ ಅಲ್ಲಾಡುತ್ತ ಹಾಡುವುದು ಕಂಡು ಗುಂಪು ಕೂಡಿತು. ಅವರೇ ಬಂದು ಬಟ್ಟೆ ಎತ್ತಿದರು.

ಅಪ್ಪ ಒಬ್ಬನೇ ಹೊರಗೆ ನಿಂತಿದ್ದ, ಎರಡೂ ಕೈಯಲ್ಲಿ ಕಂಬ. "ನಾ ಬರೇ ಮುಟ್ಟಿದ್ದು," ಎನ್ನುತ್ತಿದ್ದ. ಯಾರಿಗೂ ಗಾಯವಾಗಿರಲಿಲ್ಲ. ಬಟ್ಟೆಯ ಒಂದು ಮೂಲೆ ಮಾತ್ರ ಊಟಕ್ಕೆಂದು ಇಟ್ಟಿದ್ದ ಶಾವಿಗೆ ಪಾಯಸದ ಪಾತ್ರೆಯಲ್ಲಿ ಬಿದ್ದು, ಪಾಯಸ ಹಸಿರಾಗಿತ್ತು. ಮಕ್ಕಳು ಅದೇ ಬೇಕೆಂದು ಹಟ ಹಿಡಿದರು.

ಪೆಂಡಾಲಿನವನು ಓಡಿಬಂದ. "ಹೊಸಾ ಅರಿವಿರಿ ಅದು! ಯಾರ್ರಿ ಇದನ್ನ ಮಾಡಿದವರು?" ಎಂದು ಕೂಗಾಡಿದ. ನೋಡಲು ಬಂದಿದ್ದ ನಮ್ಮ ಬಲಮನೆಯಾಕೆ ಅವನನ್ನು ತಡೆದಳು: "ಒದರಬ್ಯಾಡಪಾ. ಅಕ್ಕಾರು ಇಲ್ಲೇ ಅದಾರಲ್ಲ. ನ್ಯಾಯ ಅವರು ಹೇಳ್ತಾರ."

ಅಪ್ಪನ ಮುಖದಲ್ಲಿ ಜೀವ ಬಂತು. ಹೆಂಡತಿಯೇ ನ್ಯಾಯಾಧೀಶೆ ಎಂದ ಮೇಲೆ ಭಯವೇನು? ಅವ್ವ ಸೆರಗಿನ ಧೂಳು ಕೊಡವಿ, ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಅಪ್ಪನನ್ನು ಎದುರು ನಿಲ್ಲಿಸಿದಳು.

"ಹೆಸರು ಹೇಳ್ರಿ."

"ಯಾರದು? ನಂದಾ? ನಿನಗ ಗೊತ್ತಿಲ್ಲೇನು?"

"ಇಲ್ಲಿ ಕುಂತ ಮ್ಯಾಲೆ ನನಗ ಯಾರೂ ಗೊತ್ತಿಲ್ರಿ. ಹೆಸರು."

"ಸಂಸೋನ!" ಎಂದು ಅಪ್ಪ ಸಿಟ್ಟಿನಿಂದ ಕೂಗಿದ.

ಅಯ್ಯನವರು ಬೇರೆ ಕಡೆ ತಿರುಗಿ ಕೆಮ್ಮಿದರು. ಅವ್ವ ನಗದೆ ತೀರ್ಪು ಕೊಟ್ಟಳು. ಅಪ್ಪ ಕಂಬ ಹಿಡಿದದ್ದು ತಪ್ಪು. ಕಂಬ ಆಳಕ್ಕೆ ಹುಗಿಯದಿದ್ದದ್ದು ಪೆಂಡಾಲಿನವನ ತಪ್ಪು. ಆದ್ದರಿಂದ ಅಪ್ಪ ಮೇಡ್ಲೇರಿಯ ಹೊಳೆಗೆ ಹೋಗಿ ಬಟ್ಟೆ ಒಗೆಯಬೇಕು, ಪೆಂಡಾಲಿನವನು ಹಿಂಡಬೇಕು. ಇಬ್ಬರೂ ಗೊಣಗಿದರು, ಇಬ್ಬರೂ ಒಪ್ಪಿದರು.

ಅಪ್ಪನ ರಜೆಯ ದಿನ ಟೆಂಪೋದಲ್ಲಿ ಹೋದೆವು. ಅವ್ವ ದಂಡೆಯ ಬಂಡೆಯ ಮೇಲೆ ಛತ್ರಿ ಹಿಡಿದು ಕೂತು ಉಸ್ತುವಾರಿ ನೋಡಿದಳು. ತುಂಗಭದ್ರೆಯಲ್ಲಿ ನೀರು ಮೊಣಕಾಲುಮಟ್ಟ ಇದ್ದರೂ ಬಟ್ಟೆ ನೆನೆಯುತ್ತಲೇ ಅಪ್ಪನನ್ನು ಎಳೆದುಕೊಂಡು ಹೊರಟಿತು. ಪೆಂಡಾಲಿನವನು ಓಡಿ ಅವನ ಸೊಂಟ ಹಿಡಿದ. ಇಬ್ಬರೂ ದಬಕ್ಕನೆ ಕೂತರು. ಕೂತಲ್ಲೇ ಪೆಂಡಾಲಿನವನು ಕೇಳಿದ:

"ಅಂದಂಗ, ಕಂಬ ಹಿಡದ ಮ್ಯಾಲೆ ಅಂವಗ ಏನಾತ್ರಿ? ಹಿಂದ ನಿಂತು ಕೇಳಾಕತ್ತಿದ್ದೆ. ಅಷ್ಟರಾಗ ನೀವು ಕೆಡವಿದ್ರಿ."

ಅಪ್ಪ ಒದ್ದೆ ಕೂದಲನ್ನು ಕಿವಿಯ ಹಿಂದೆ ಸರಿಸಿ ಮೊದಲಿನಿಂದ ಶುರುಮಾಡಿದ. ಬಟ್ಟೆ ಬಡಿಯುತ್ತ ಹೇಳಿದ, ತಿರುಚುತ್ತ ಹೇಳಿದ. ಅಲ್ಲಿ ಒಗೆಯುತ್ತಿದ್ದ ಊರ ಹೆಂಗಸರು ಕೈ ನಿಲ್ಲಿಸಿದರು.

"ಆಕಿ ಕೂದ್ಲಾ ತಗಸೂತನಾ ಅಂವಗ ಎಚ್ಚರನ ಆಗಲಿಲ್ಲೇನ್ರಿ?" ಎಂದಳು ಒಬ್ಬ ಮುದುಕಿ. "ನಮ್ಮ ಮನ್ಯಾಂವನೂ ಹಂಗ. ಗ್ವಾಡಿ ಬಿದ್ರೂ ಏಳಂಗಿಲ್ಲ."

ಕತೆ ಮುಗಿಯಿತು. ಗುಡಿ ಬಿತ್ತು, ಶತ್ರುಗಳು ಸತ್ತರು, ಸಂಸೋನನೂ ಸತ್ತ. ಪೆಂಡಾಲಿನವನು ಹಿಂಡುವುದನ್ನು ಬಿಟ್ಟು ಯೋಚಿಸಿದ.

"ಮೊದಲ ಹೇಣ್ತಿ, ಆಮ್ಯಾಲೆ ಈಕಿ, ಎರಡೆರಡು ಸಲ ಹೆಣ್ಣಿನ ಮಾತಿಗೆ ಮೋಸ ಹೋದಾಂವ್ರಿ ಅಂವ. ಇಂಥಾವನ್ನ ದೊಡ್ಡಾಂವ ಅಂತೀರಲ್ಲ, ಯಾಕ್ರಿ?"

ಅಪ್ಪನಿಗೂ ಆ ಪ್ರಶ್ನೆ ಅಲ್ಲಿಯವರೆಗೆ ಬಂದಿರಲಿಲ್ಲ ಅನ್ನಿಸುತ್ತದೆ. ಕೈಯಲ್ಲಿದ್ದ ಬಟ್ಟೆಯನ್ನು ನೀರಿನಲ್ಲಿ ಇನ್ನೊಮ್ಮೆ ಅದ್ದಿದ. "ಎಲ್ಲಾ ಕಳಕೊಂಡ ಮ್ಯಾಲೂ, ಜನಾ ನಗಾಕತ್ತಾಗ, ಇನ್ನೊಮ್ಮೆ ದೇವರನ್ನ ಕರದ ನೋಡ್ರಿ. ನನ್ನ ನೆನಸ್ಕೊ ಅಂದ. ಅದಕ್ಕ ಇರಬೇಕು," ಎಂದ.

"ಅದು ಖರೇ ಐತ್ರಿ," ಎಂದು ಪೆಂಡಾಲಿನವನು ಬಟ್ಟೆಯ ಇನ್ನೊಂದು ತುದಿ ಎತ್ತಿಕೊಂಡ. ಬಂಡೆಯ ಮೇಲೆ ಅವ್ವ ಛತ್ರಿಯನ್ನು ಸ್ವಲ್ಪ ಅಪ್ಪನ ಕಡೆಗೆ ವಾಲಿಸಿದಳು, ಅಷ್ಟು ದೂರಕ್ಕೆ ನೆರಳು ಮುಟ್ಟುವುದಿಲ್ಲವೆಂದು ಗೊತ್ತಿದ್ದರೂ.

ಮರಳ ಮೇಲೆ ಬಟ್ಟೆ ಒಣಗಿಸಿ, ಮಡಿಸಿ ಟೆಂಪೋಗೆ ಹಾಕಿ, ಅದರ ಮೇಲೆಯೇ ಕೂತು ಮನೆಗೆ ಬಂದೆವು. ಮುಂದಿನ ಭಾನುವಾರ ಅಯ್ಯನವರು, ಅರ್ಧಕ್ಕೆ ನಿಂತ ಕತೆಯನ್ನು ಇವತ್ತು ಮುಗಿಸಬಹುದು ಎಂದು ಅಪ್ಪನನ್ನು ಕರೆದರು. ಅಪ್ಪ ಎದ್ದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಮೇಡ್ಲೇರ್ಯಾಗ ಮುಗಿಸೀನ್ರಿ," ಎಂದು ಹೇಳಿ ಕೂತುಬಿಟ್ಟ.