ಅಂಗಡಿಯದಲ್ಲದ ಔಷಧಿ

ನನ್ನ ಅಕ್ಕನ ಮಗ ಮಂಜೇಶ್ ವಿಮಾನ ಓಡಿಸುತ್ತಾನೆ ಎಂದು ತಿಳಿದ ಕೂಡಲೇ ಜನ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು, ಟಿಕೆಟ್ಟು ಕಮ್ಮಿಗೆ ಸಿಗುತ್ತದೆಯೇ ಎಂದು. ಸಿಗುವುದಿಲ್ಲ. ಅವನ ವಿಮಾನದಲ್ಲಿ ಕೂರಲು ಸೀಟೇ ಇಲ್ಲ. ಮುಂದೆ ಇಬ್ಬರು ಪೈಲಟ್‌ಗಳು, ಹಿಂದೆ ಪೂರ್ತಿ ಸಾಮಾನು. ಗುಲಾಬಿ ಹೂವು, ಮೊಬೈಲಿನ ಬಿಡಿಭಾಗ, ಲಸಿಕೆ, ಒಂದೊಂದು ಸಲ ಡಬ್ಬಿಗಳಲ್ಲಿ ಕೋಳಿಮರಿ. ಇಷ್ಟು ಹೇಳುವಷ್ಟರಲ್ಲಿ ಕೇಳಿದವನ ಮುಖ ಇಳಿದುಹೋಗುತ್ತಿತ್ತು. ಓ, ಪಾರ್ಸೆಲ್ ಗಾಡಿನಾ ಅನ್ನುತ್ತಿದ್ದರು. ಅವನ ಊರು ತೂಬಗೆರೆಯಲ್ಲಿ ಅವನಿಗೆ ಪಾರ್ಸೆಲ್ ಮಂಜ ಎಂದೇ ಹೆಸರು ಬಿದ್ದಿತ್ತು. ನಾನು ಕಾಂತರಾಜು, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾಗಿ ದೊಡ್ಡಬಳ್ಳಾಪುರದಲ್ಲಿ ಇರುವವನು. ಮಾತು ತಡೆದುಕೊಂಡು ನನಗೆ ಅಭ್ಯಾಸವಿಲ್ಲ. ಹಾಗೆ ಅಂದವರಿಗೆ ಅಲ್ಲೇ ಉಗಿದು ಕಳಿಸುತ್ತಿದ್ದೆ.

ಮಂಜೇಶನ ಅಪ್ಪ ಅಪ್ಪಯ್ಯಣ್ಣ ಕುಡಿದು ಕುಡಿದು ಲಿವರ್ ಹಾಳುಮಾಡಿಕೊಂಡು ಸತ್ತಾಗ ಹುಡುಗನಿಗೆ ಹನ್ನೊಂದು ವರ್ಷ. ಗಂಡ ಬದುಕಿದ್ದಾಗಲೇ ನನ್ನ ಅಕ್ಕ ಲಕ್ಕಮ್ಮ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಕುಡಿದು ಬಂದ ದಿನ ಅವನಿಗೆ ಒಳಗೆ ಊಟವಿಲ್ಲ. ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕೊನೆಯ ಎರಡು ವರ್ಷ ಆತ ದಿನವೂ ಜಗಲಿಯಲ್ಲೇ ಉಂಡ. ಕೇರಿಯವರೆಲ್ಲ ನೋಡುತ್ತಿದ್ದರು. ನಮ್ಮಕ್ಕ ಕಲ್ಲಿನಂಥವಳು ಎಂದು ಆಗ ಅಂದುಕೊಂಡಿದ್ದೆ.

ಆಮೇಲೆ ಕೈಗಾರಿಕಾ ಪ್ರದೇಶಕ್ಕೆಂದು ಅವರ ಜಮೀನು ಹೋಯಿತು. ಬಂದ ಪರಿಹಾರದಲ್ಲಿ ಊರಿನವರು ಮಹಡಿ ಕಟ್ಟಿಸಿದರು, ಕಾರು ತಂದರು. ಅಕ್ಕ ಮಗನನ್ನು ವಿಮಾನ ಕಲಿಯಲು ಕಳಿಸಿದಳು. ಲೈಸೆನ್ಸ್ ಕೈಗೆ ಬಂದ ಮೇಲೂ ಎರಡು ವರ್ಷ ಕೆಲಸವಿಲ್ಲದೆ ಅಲೆದ. ಕೊನೆಗೆ ಸಾಮಾನು ಸಾಗಿಸುವ ಒಂದು ಸಣ್ಣ ಕಂಪನಿ ಅವನನ್ನು ತೆಗೆದುಕೊಂಡಿತು.

ಆ ಕೆಲಸ ನಾನು ಮಾಡಿದ ಕೆಲಸಕ್ಕಿಂತ ಕಷ್ಟದ್ದು ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ನನ್ನ ಬಸ್ಸಿನಲ್ಲಿ ಜನ ಇರುತ್ತಿದ್ದರು, ಜಗಳವಾದರೂ ಆಡಬಹುದಿತ್ತು. ಅವನಿಗೆ ಅದೂ ಇಲ್ಲ. ಜನರ ವಿಮಾನಗಳೆಲ್ಲ ಹೋದ ಮೇಲೆ ಇವರದು ಸರದಿ, ಹಾಗಾಗಿ ತಿಂಗಳಲ್ಲಿ ಇಪ್ಪತ್ತು ರಾತ್ರಿ ನಿದ್ದೆಗೆಟ್ಟಿರುತ್ತಿದ್ದ. ಹಗಲು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಮಲಗಿದರೆ ಪಕ್ಕದ ಮನೆಯಲ್ಲಿ ಮಿಕ್ಸಿ, ಬೀದಿಯಲ್ಲಿ ತರಕಾರಿ ಗಾಡಿಯವನ ಮೈಕು. ಮೂವತ್ತನಾಲ್ಕಕ್ಕೇ ಕಣ್ಣಿನ ಕೆಳಗೆ ನನ್ನ ವಯಸ್ಸಿನವರಿಗೆ ಇರುವಂಥ ಚೀಲ ಬಂದಿತ್ತು. ಹೆಣ್ಣು ತೋರಿಸಲು ಬಂದವರು ಪೈಲಟ್ ಅಂದಾಗ ಕಾಫಿ ಕುಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು, ಸಾಮಾನಿನದು ಅಂದ ಮೇಲೆ ಮತ್ತೆ ಕಾಫಿ ಕುಡಿಯುತ್ತಿದ್ದರು. ಕ್ಯಾಪ್ಟನ್ ಆಗಲಿ, ಆಮೇಲೆ ನೋಡಣ ಅನ್ನುತ್ತಿದ್ದ ಮಂಜೇಶ್.

ಎಲ್ಲವೂ ನಿಂತಿದ್ದದ್ದು ಆ ಒಂದು ಮಾತಿನ ಮೇಲೆ. ವಿಮಾನದಲ್ಲಿ ಎಡಗಡೆ ಸೀಟು ಕ್ಯಾಪ್ಟನ್ನದು, ಬಲಗಡೆ ಸೀಟು ಸಹಾಯಕ ಪೈಲಟ್‌ನದು. ಇವನು ಏಳು ವರ್ಷ ಬಲಗಡೆಯೇ ಕೂತಿದ್ದ. ಕಂಪನಿಗೆ ಇದ್ದದ್ದು ಐದು ವಿಮಾನ, ಅದರಲ್ಲಿ ಎರಡು ಇಂಜಿನ್ ಇಲ್ಲದೆ ಮೂಲೆಯಲ್ಲಿ ನಿಂತಿದ್ದವು. ವಿಮಾನ ಕಡಿಮೆಯಾದರೆ ಕ್ಯಾಪ್ಟನ್‌ಗಳೂ ಕಡಿಮೆ. ದೊಡ್ಡ ಕಂಪನಿಗಳಿಗೆ ಹೋಗೋಣವೆಂದರೆ, ಇವನು ಓಡಿಸುವುದು ಹಳೆಯ ಮಾದರಿ, ಅದರ ಅನುಭವ ಅಲ್ಲಿ ಯಾರಿಗೂ ಬೇಡ, ಹೊಸದಾಗಿ ಕಲಿತು ಕೆಳಗಿನಿಂದ ಶುರುಮಾಡಬೇಕು. ಇದೇ ಕಂಪನಿಯಲ್ಲಿ ಎಡಗಡೆ ಸೀಟಿಗೆ ಹೋದರೆ ಮಾತ್ರ ಮುಂದೆ ದಾರಿ. ಆ ವರ್ಷ ಒಬ್ಬ ಹಿರಿಯ ಕ್ಯಾಪ್ಟನ್ ನಿವೃತ್ತರಾಗಿ ಒಂದೇ ಒಂದು ಜಾಗ ಖಾಲಿಯಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಮಂಜೇಶನದು. ಕ್ಯಾಪ್ಟನ್ ಆಗುವ ಪರೀಕ್ಷೆಗೆ ಒಂಬತ್ತು ದಿನ ಇದೆ ಅನ್ನುವಾಗ ಅವನಿಗೆ ಕೆಮ್ಮು, ನೆಗಡಿ ಹಿಡಿಯಿತು.

ರಜೆ ಹಾಕು ಅಂದೆ. ಜನವರಿಯಲ್ಲಿ ಜ್ವರಕ್ಕೆ ಎರಡು ಸಲ ರಜೆ ಹಾಕಿದ್ದನಂತೆ, ಮೂರನೆಯ ಸಲ ಹಾಕಿದರೆ ಪರೀಕ್ಷೆಯನ್ನು ಮುಂದಕ್ಕೆ ತಳ್ಳಿ ಪಟ್ಟಿಯ ಎರಡನೆಯವನನ್ನು ಕರೆಯುತ್ತಾರಂತೆ. ಯಾವ ಕಾಗದದಲ್ಲೂ ಬರೆದಿಲ್ಲದ ಕಾನೂನು ಅದು. ನಾಯಿಗೂ ಇಲ್ಲವೇನೋ ಇಂಥ ಬಾಳು ಎಂದು ಬೈದೆ. ಅವನು ಕೆಮ್ಮುತ್ತಲೇ ಯೂನಿಫಾರಂ ಹಾಕಿಕೊಂಡ.

ಔಷಧಿ ಕುಡಿಯುವಂತೆಯೂ ಇರಲಿಲ್ಲ. ಪ್ರತಿ ಸಲ ವಿಮಾನ ಹತ್ತುವ ಮೊದಲು ಒಂದು ಮಿಷಿನ್ನಿಗೆ ಊದಬೇಕು, ಬರೀ ಸೊನ್ನೆ ಬರಬೇಕು. ನಮ್ಮ ಡಿಪೋದಲ್ಲೂ ಊದಿಸುತ್ತಿದ್ದರು, ನನಗೆ ಹೊಸದಲ್ಲ. ಆದರೆ ಇವರದು ಬಹಳ ಬಿಗಿ. ಕೆಮ್ಮಿನ ಸಿರಪ್ಪಿನಲ್ಲಿ ಮದ್ಯದ ಅಂಶ ಇದ್ದರೂ ಸಿಕ್ಕಿಬೀಳುತ್ತಾರೆ. ಅದಕ್ಕೇ ಮಂಜೇಶ್ ತನ್ನ ಅಮ್ಮನಿಗೆ ಏಳು ವರ್ಷದಿಂದ ಒಂದೇ ಪಾಠ ಹೇಳುತ್ತಾ ಬಂದಿದ್ದ, ನನಗೆ ಅಂಗಡಿ ಔಷಧಿ ಏನೂ ಕೊಡಬೇಡ ಎಂದು. ಅವತ್ತು ಅವನಿಗೆ ಸಂಜೆಯ ಸರದಿ, ಮಧ್ಯಾಹ್ನವೇ ಹೊರಟಿದ್ದ, ನಾನು ಅಕ್ಕನ ಮನೆಯಲ್ಲೇ ಇದ್ದೆ. ಅಕ್ಕ ಶುಂಠಿ, ಮೆಣಸು, ತುಳಸಿ ಹಾಕಿದ ಕಷಾಯವನ್ನು ಫ್ಲಾಸ್ಕಿಗೆ ತುಂಬಿ ಕೊಟ್ಟಳು.

"ಅಂಗಡಿ ಔಷಧಿ ಏನೂ ಹಾಕಿಲ್ಲ ತಾನೇ ಅಮ್ಮ?"

"ಅಂಗಡೀದು ಒಂದು ತೊಟ್ಟೂ ಇಲ್ಲ ಕಣಪ್ಪ. ದಾರೀಲಿ ಕುಡ್ಕೊಂಡೇ ಹೋಗು. ಎದೆ ಬಿಚ್ಕೊಳ್ಳುತ್ತೆ."

ಅವನು ಸರಿಯಾಗಿಯೇ ಕೇಳಿದ, ಅವಳು ನಿಜವನ್ನೇ ಹೇಳಿದಳು. ದೇವನಹಳ್ಳಿಯ ಏರ್‌ಪೋರ್ಟ್ ತಲುಪುವವರೆಗೂ ಕಾರಿನಲ್ಲಿ ಗುಟುಕರಿಸುತ್ತಲೇ ಹೋದ. ಮೂಗು ಕಟ್ಟಿತ್ತು, ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಕಾರಿನಿಂದ ಇಳಿಯುವಾಗ ಕೊನೆಯ ಗುಟುಕು ಕುಡಿದ. ಒಳಗೆ ಹೋಗಿ ಊದಿದ. ಸೊನ್ನೆ ಬರಲಿಲ್ಲ. ಇಪ್ಪತ್ತು ನಿಮಿಷ ಕೂರಿಸಿ ಮತ್ತೆ ಊದಿಸಿದರು. ಅಂಕಿ ಇಳಿದಿತ್ತು, ಆದರೆ ಸೊನ್ನೆ ಆಗಿರಲಿಲ್ಲ. ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು.

ಮನೆಗೆ ಹೋಗದೆ ದೊಡ್ಡಬಳ್ಳಾಪುರಕ್ಕೆ ನನ್ನ ಹತ್ತಿರ ಬಂದ. ಇನ್ನೂ ಹೊತ್ತು ಮುಳುಗಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ತೆಗೆದು, ಮಾಮ, ಇದನ್ನ ಮೂಸಿ ನೋಡು ಅಂದ. ತಳದಲ್ಲಿ ನೇರಳೆ ಬಣ್ಣದ ಗಸಿ ಇತ್ತು. ಮೂಗಿಗೆ ಹಿಡಿದ ಕೂಡಲೇ ನನಗೆ ಗೊತ್ತಾಗಿಹೋಯಿತು. ಅಕ್ಕನ ಹಿಂದಿನ ಮನೆಯ ಅಮ್ಮಯಮ್ಮ ವರ್ಷಕ್ಕೊಮ್ಮೆ ಇಡುವ ಅರಿಷ್ಟ. ನಮ್ಮ ಕಡೆಯ ಕಪ್ಪು ದ್ರಾಕ್ಷಿ, ಬೆಲ್ಲ, ಹಿಪ್ಪಲಿ ಹಾಕಿ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ನಲವತ್ತು ದಿನ ಹೂತಿಡುತ್ತಾಳೆ. ಬಾಣಂತಿಯರಿಗೆ, ಕಫಕ್ಕೆ, ಊಟ ಸೇರದವರಿಗೆ ಅದೇ. ಹೂತಿಟ್ಟ ದ್ರಾಕ್ಷಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಆದರೆ ಅದನ್ನು ಯಾರೂ ಆ ಹೆಸರಿನಿಂದ ಕರೆದವರಲ್ಲ. ಕುಡುಕನ ನೆರಳು ಬಿದ್ದರೆ ಬಾಗಿಲು ಹಾಕುವ ಹೆಂಗಸರೂ ಅದನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಬಿಸಿಗೆ ಹಾಕಿದರೆ ಗುಣ ಹೋಗುತ್ತದೆಂದು ಅಕ್ಕ ಕಷಾಯ ಆರಿಸಿ ಒಂದು ಲೋಟ ಪೂರ್ತಿ ಸುರಿದಿದ್ದಳೆಂದು ಆಮೇಲೆ ತಿಳಿಯಿತು.

ನಾನು ತಕ್ಷಣ ಚಪ್ಪಲಿ ಹಾಕಿಕೊಂಡೆ. ಅಕ್ಕನಿಗೆ ಹೇಳೋಣ, ನಿನ್ನ ಕಂಪನಿಗೆ ಹೇಳೋಣ ನಡಿ ಅಂದೆ. ಅವನು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ.

"ನನ್ನಾಣೆ ಮಾಮ, ಅಮ್ಮಂಗೆ ಹೇಳ್ಬೇಡ. ಅವಳ ಕೈಯಿಂದಾನೇ ಆಯ್ತು ಅಂತ ಗೊತ್ತಾದ್ರೆ ಅವಳು ಉಳಿಯಲ್ಲ."

ಅಕ್ಕನಿಗೆ ಬೇರೆಯವರು ಹೇಳಿದರು. ತೂಬಗೆರೆಯವನೇ ಆದ ಮುನೀಂದ್ರ ಏರ್‌ಪೋರ್ಟಿನ ಸಾಮಾನಿನ ಶೆಡ್ಡಿನಲ್ಲಿ ಮೇಲ್ವಿಚಾರಕ. ಅವನಿಗೆ ಬಾಯಿಗೆ ಬೀಗವಿಲ್ಲ. ಮೂರನೆಯ ದಿನಕ್ಕೆಲ್ಲ ತೂಬಗೆರೆಯಲ್ಲಿ ಸುದ್ದಿ, ಅಪ್ಪನ ಮಗ ಅಪ್ಪನ ಹಾಗೇ ಆದ ಎಂದು. ಅದು ಕಿವಿಗೆ ಬಿದ್ದು ನಾನು ಓಡಿಹೋದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು, ಮಂಜೇಶ್ ಬಾಗಿಲಲ್ಲಿ ನಿಂತಿದ್ದ. ನಾನು ಒಳಗೆ ಕಾಲಿಟ್ಟಾಗ ಅವಳು ಕೇಳುತ್ತಿದ್ದಳು.

"ಕುಡ್ದಿದ್ಯಾ?"

ಅವನು ಒಮ್ಮೆ ನನ್ನ ಕಡೆ ನೋಡಿದ. "ಹೂಂ ಕಣಮ್ಮ. ಕುಡ್ದಿದ್ದೆ."

ಜನ್ಮದಲ್ಲಿ ಬಿಯರಿನ ಬಾಟಲಿ ಮುಟ್ಟದ ಹುಡುಗ. ನನ್ನ ಬಾಯಿಗೆ ಬಂದ ಮಾತನ್ನು ಹಲ್ಲು ಕಚ್ಚಿ ನುಂಗಿದೆ, ಅದು ಹೇಗೆ ಸಾಧ್ಯವಾಯಿತೋ ನನಗೇ ಗೊತ್ತಿಲ್ಲ. ಅವತ್ತು ಮಧ್ಯಾಹ್ನ ಅಕ್ಕ ಮುದ್ದೆ ಕಟ್ಟಿ, ಸಾರು ಬಿಟ್ಟು, ತಟ್ಟೆಯನ್ನು ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಇಟ್ಟಳು. ಬಾಗಿಲು ಎಳೆದುಕೊಂಡಳು. ಅವನು ಹೋಗಿ ಕೂತು ಉಂಡ. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ. ಹೋಗುವವರು ಬರುವವರು ನಿಂತು ನೋಡುತ್ತಿದ್ದರು.

ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿ ಇಟ್ಟರು. ಆ ಒಂದು ಸೀಟಿಗೆ ಪಟ್ಟಿಯ ಎರಡನೆಯವನು ಹೋಗಿ ಕೂತ. ಮಂಜೇಶನನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಕಂಪನಿಯವರು ವಿಚಾರಣೆಗೆ ದಿನ ಇಟ್ಟರು. ಅವನ ಜೊತೆ ಹೆಚ್ಚಾಗಿ ಹಾರುತ್ತಿದ್ದ ಕ್ಯಾಪ್ಟನ್ ದೇವೇಂದ್ರ ಒಳ್ಳೆಯ ಮನುಷ್ಯ. ಅವರೊಬ್ಬರಿಗೆ ಮಾತ್ರ ಮಂಜೇಶ್ ಕಷಾಯದ ವಿಷಯ ಹೇಳಿದ್ದನಂತೆ, ಅವರು ನನಗೇ ಫೋನ್ ಮಾಡಿದರು. ಅವನ ತಾಯಿ ನಡೆದದ್ದನ್ನು ಬರೆದು ಸಹಿ ಹಾಕಿ ಕೊಟ್ಟರೆ ಕೆಲಸವಾದರೂ ಉಳಿಯಬಹುದು, ಮುಂದೆ ಯಾವತ್ತಾದರೂ ಅವನ ಸರದಿ ಬರಬಹುದು, ಶುಕ್ರವಾರದೊಳಗೆ ಕಾಗದ ಬೇಕು ಎಂದರು. ಮಂಜೇಶನಿಗೂ ಹೇಳಿದ್ದರಂತೆ. ಅವನು ಆಗುವುದಿಲ್ಲ ಎಂದಿದ್ದನಂತೆ.

ಗುರುವಾರ ಅವನು ಬೆಂಗಳೂರಿಗೆ ಹೋದದ್ದು ನೋಡಿಕೊಂಡು ನಾನು ತೂಬಗೆರೆಗೆ ಹೋದೆ. ಆಣೆಯ ಪಾಪ ನನಗೇ ಬರಲಿ ಅಂದುಕೊಂಡೆ. ಅಕ್ಕನನ್ನು ಎದುರು ಕೂರಿಸಿಕೊಂಡು, ಕಷಾಯ, ಅರಿಷ್ಟ, ಮಿಷಿನ್ನು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಎದೆ ಬಡಿದುಕೊಂಡು ಬೀಳುತ್ತಾಳೆ, ಹಿಡಿದುಕೊಳ್ಳಬೇಕು ಎಂದು ಹತ್ತಿರವೇ ಕೂತಿದ್ದೆ. ಅವಳು ಬೀಳಲಿಲ್ಲ.

"ಗೊತ್ತು ಕಣೋ" ಅಂದಳು.

ಏನು ಗೊತ್ತು ಎಂದು ಕೇಳಿದೆ.

"ಅವತ್ತು ಫ್ಲಾಸ್ಕ್ ತೊಳ್ದು ತಂದಿಟ್ಟಿದ್ದ. ಹುಟ್ಟಿದಾಗಿಂದ ಉಂಡ ತಟ್ಟೆ ಎತ್ತಿಟ್ಟೋನಲ್ಲ ಅವ್ನು. ಆಮೇಲೆ ಮುನೀಂದ್ರ ಬಂದು ಮಿಷಿನ್ ವಿಷ್ಯ ಹೇಳ್ದ. ನಂಗಷ್ಟೂ ತಿಳಿಯಲ್ವಾ?"

ಹಾಗಿದ್ದ ಮೇಲೆ ಕುಡಿದಿದ್ದೀಯಾ ಎಂದು ಅವನನ್ನು ಯಾಕೆ ಕೇಳಿದೆ ಎಂದು ಕೂಗಾಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಧಾನವಾಗಿ ಹೇಳಿದಳು.

"ನಿನ್ನಿಂದಾನೇ ಆಯ್ತು ಅಂತಾನೆ ಅಂತ ಕಾಯ್ತಾ ಇದ್ದೆ. ಅವ್ನು ಹೂಂ ಅಂದ್ಬಿಟ್ಟ. ಅಂದಿದ್ದೇ ತಡ, ನನ್ನೆದೆ ಹಗುರ ಆಗೋಯ್ತು ಕಾಂತ. ಆಮೇಲೆ ಅದನ್ನ ಬಿಟ್ಕೊಡಕ್ಕೆ ನನ್ ಕೈಲಿ ಆಗ್ಲಿಲ್ಲ."

"ತಟ್ಟೆ ಯಾಕೆ ಹೊರಗಿಟ್ಟೆ?"

"ಒಳಗಿಟ್ರೆ ನಂಗೆ ಗೊತ್ತು ಅಂತ ಅವನಿಗೆ ಗೊತ್ತಾಗೋಗ್ತಿತ್ತು."

ಆ ಕ್ಷಣ ನನ್ನ ಒಡಹುಟ್ಟಿದವಳ ಮೇಲೆ ನನಗೆ ಅಸಹ್ಯವಾಯಿತು. ಬಾಯಿಗೆ ಬಂದಂತೆ ಬೈದೆ. ಹೆತ್ತವಳಾ ನೀನು ಎಂದು ಕೇಳಿದೆ. ನಾನು ಬರೆದುಕೊಂಡು ಹೋಗಿದ್ದ ಕಾಗದವನ್ನು ಅವಳು ಎರಡು ಸಲ ಓದಿ, ಮೊದಲ ಸಹಿ ಸೊಟ್ಟಗಾಯಿತೆಂದು ಕೆಳಗೆ ಇನ್ನೊಂದು ಹಾಕಿದಳು. ಬೈದದ್ದು ಹೆಚ್ಚಾಯಿತೇನೋ ಎಂದು ಈಗ ಅನ್ನಿಸುತ್ತದೆ. ಇಪ್ಪತ್ತಮೂರು ವರ್ಷ ಒಂಟಿಯಾಗಿ ಆ ಹುಡುಗನನ್ನು ನಿಲ್ಲಿಸಿದವಳು, ಬೀಳಿಸಿದ್ದೂ ತಾನೇ ಎಂದು ಹೇಗೆ ಒಪ್ಪಿಕೊಂಡಾಳು? ಆದರೂ ನನಗೆ ಅವಳ ಮನೆಯಲ್ಲಿ ಇವತ್ತಿಗೂ ನೀರು ಇಳಿಯುವುದಿಲ್ಲ.

ಆ ಕಾಗದದಿಂದ ಏನೂ ಆಗಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮದ್ಯ ಯಾವ ದಾರಿಯಲ್ಲಿ ಒಳಗೆ ಹೋಯಿತು ಎನ್ನುವುದು ತಮಗೆ ಸಂಬಂಧವಿಲ್ಲ ಎಂದು ಕಂಪನಿಯವರು ಎರಡು ಸಾಲು ಬರೆದು ಅವನನ್ನು ತೆಗೆದುಹಾಕಿದರು. ಮೂರು ತಿಂಗಳಾದ ಮೇಲೆ ಲೈಸೆನ್ಸ್ ವಾಪಸು ಬಂತು, ಕೆಲಸ ಬರಲಿಲ್ಲ. ಪ್ರತಿ ಕಂಪನಿಯ ಅರ್ಜಿಯಲ್ಲೂ ಊದುವ ಪರೀಕ್ಷೆಯಲ್ಲಿ ಎಂದಾದರೂ ಸಿಕ್ಕಿಬಿದ್ದಿದ್ದೀರಾ ಎಂದು ಒಂದು ಪ್ರಶ್ನೆ ಇರುತ್ತದೆ. ಅವನು ಹೌದು ಎಂದು ಬರೆಯುತ್ತಾನೆ, ಆ ಕಡೆಯಿಂದ ಉತ್ತರ ಬರುವುದಿಲ್ಲ. ಈಗ ಏರ್‌ಪೋರ್ಟಿನ ಹೊರಗೆ ಒಂದು ಗೋದಾಮಿನಲ್ಲಿ ಯಾವ ಸಾಮಾನು ಯಾವ ವಿಮಾನಕ್ಕೆ ಎಂದು ಚೀಟಿ ಅಂಟಿಸುವವರ ಮೇಲ್ವಿಚಾರಣೆ ಮಾಡುತ್ತಾನೆ. ಹಾರದೆ ವರ್ಷ ಕಳೆದಷ್ಟೂ ಕಲಿತದ್ದಕ್ಕೆ ಬೆಲೆ ಇಳಿಯುತ್ತಾ ಹೋಗುತ್ತದಂತೆ.

ಆದರೆ ಆ ಗುರುವಾರ ಇದೆಲ್ಲ ಇನ್ನೂ ಗೊತ್ತಿರಲಿಲ್ಲ. ಸಂಜೆ ಅವನು ಬೆಂಗಳೂರಿನಿಂದ ಬಂದು ಇಳಿಯುವುದನ್ನೇ ಕಾದಿದ್ದು, ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಗದ ಕೈಗೆ ಕೊಟ್ಟೆ. ಆಣೆ ಮುರಿದೆ, ಬೈಯುವುದಾದರೆ ಬೈ ಅಂದೆ. ಅವನು ಬೈಯಲಿಲ್ಲ. ಅಮ್ಮನ ಸಹಿಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತದೆ ಕೇಳಿದ.

"ನೀನು ಹೇಳೋಕ್ ಮುಂಚೆ ಅವಳಿಗೆ ಗೊತ್ತಿರ್ಲಿಲ್ಲ ಅಲ್ವಾ ಮಾಮ?"

ಮಾತು ತಡೆದುಕೊಂಡು ಅಭ್ಯಾಸವಿಲ್ಲದ ನಾನು ಅವನ ಮುಖವನ್ನೇ ನೋಡಿಕೊಂಡು, ಇಲ್ಲ ಕಣಪ್ಪ, ಇವತ್ತೇ ಗೊತ್ತಾಗಿದ್ದು, ಪಾಪ ಬಹಳ ಅತ್ತಳು ಅಂದೆ.

"ಸದ್ಯ" ಅಂದ ಮಂಜೇಶ್. ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡ. "ಕುಡುಕ ಅಂದ್ಕೊಂಡು ಆಚೆ ತಟ್ಟೆ ಇಟ್ಳು, ಅದನ್ನ ತಡ್ಕೊಂಡೆ ಮಾಮ. ಗೊತ್ತಿದ್ದೂ ಇಟ್ಟಿದ್ರೆ ನಾನು ಬದುಕ್ತಿರ್ಲಿಲ್ಲ."