ಬಾಜೂ ಮನೆಗೆ ಕೇಳಿದ ಸಪ್ಪಳ

ಕೇಳುವ ಕಿವಿ ಇಲ್ಲದಿದ್ದರೆ ಸಪ್ಪಳವೂ ಇಲ್ಲ, ಇರುವುದು ಬರೀ ಗಾಳಿಯ ನಡುಕ. ಮೂಡಲಗಿಯ ಸಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿ ಹುಡುಗರಿಗೆ ಹೀಗೆ ಹೇಳುತ್ತಿದ್ದವನು ನಾನು. ದೆವ್ವಭೂತಗಳನ್ನು ನಂಬಿದವನಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನೆನಪನ್ನಂತೂ ನಂಬುವುದೇ ಇಲ್ಲ; ಈ ಸಂಗತಿ ಹೇಳಿದಾಗಲೆಲ್ಲ ಸ್ವಲ್ಪ ಚಂದವಾಗುತ್ತ ಬಂದಿದೆ. ಹಾಗೆ ಚಂದವಾದದ್ದನ್ನು ಬಿಟ್ಟು ಬರೆಯಲು ನೋಡುತ್ತೇನೆ.

ಹೆಂಡತಿ ಶಾಂತಾ ತೀರಿಕೊಂಡ ಮೇಲೆ ನಾಗನೂರಿನ ಮನೆಯಲ್ಲಿ ಒಬ್ಬನೇ ಉಳಿದೆ. ಬಾಜೂ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅಲ್ಲಿಯ ಖಾತೂನಬಿ ಚಾಚಿ ದಿನಾ ಸಂಜೆ ರೊಟ್ಟಿ, ಪಲ್ಯ ಕಳಿಸುತ್ತಿದ್ದರು. ಒಂದು ಸಂಜೆ ಬರಲಿಲ್ಲ. ಆರಾಮಿಲ್ಲವೇನೋ ಎಂದು ಹೋಗಿ ವಿಚಾರಿಸಿದೆ.

"ಮಧ್ಯಾನ ನಿಮ್ಮ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳ್ತಲ್ರಿ ಮಾಸ್ತರ. ಯಾರೋ ಬಂದಾರ, ಇನ್ನ ನನ್ನ ದಪ್ಪ ರೊಟ್ಟಿ ಯಾಕ ತಿಂತಾರ ಅಂತ ಸುಮ್ನಾದ್ನಿ."

ಬೆಳಿಗ್ಗೆ ನಾನೇ ಹಾಕಿದ ಕೀಲಿಯನ್ನು ಸಂಜೆ ನಾನೇ ತೆಗೆದಿದ್ದೆ. ಹಾಗೆಂದೆ. ಚಾಚಿಯ ನಗು ನಿಂತಿತು. ಹಾಗಾದರೆ ಅದು ಶಾಂತವ್ವನ ಕೈಯೇ ಎಂದರು. ಓಣಿಯಲ್ಲಿ ಯಾರು ರೊಟ್ಟಿ ಮಾಡುತ್ತಿದ್ದಾರೆಂದು ಬಡಿತದಲ್ಲೇ ಗೊತ್ತಾಗುತ್ತದಂತೆ. ಶಾಂತಾ ನಡುವೆ ಒಂದು ಬಡಿತ ಬಿಟ್ಟು ತಿರುಗಿಸುತ್ತಿದ್ದಳಂತೆ. ನನಗದು ಗೊತ್ತಿರಲಿಲ್ಲ. ನಾನು ಸಾಲೆಗೆ ಹೋದ ಮೇಲೆಯೇ ಅವಳು ಹಿಟ್ಟು ಕಲಸುತ್ತಿದ್ದದ್ದು. ನಾನು ಮನೆಯಲ್ಲಿರುತ್ತಿದ್ದ ರವಿವಾರದ್ದನ್ನಾದರೂ ನೆನೆಯಲು ಹೋದರೆ ಕೇಳುವುದು ನಮ್ಮವ್ವನ ಬಡಿತ.

ಸಪ್ಪಳ ಮತ್ತೆ ಮತ್ತೆ ಬಂತು, ನಾನು ಮನೆಯಲ್ಲಿಲ್ಲದಾಗ ಮಾತ್ರ. ರಜೆ ಹಾಕಿ ಅಡುಗೆಮನೆಯಲ್ಲಿ ಕೂತ ದಿನ ಚಾಚಿಗೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಹುಕ್ಕೇರಿಯ ತಮ್ಮ ನನಗಾಗಿ ತನ್ನ ಮನೆಯಲ್ಲಿ ಕೋಣೆ ತೆರವು ಮಾಡಿದ್ದ; ಬಾಡಿಗೆಯವರೂ ಬಂದು ಈ ಮನೆ ನೋಡಿ ಹೋಗಿದ್ದರು. ಬಿಟ್ಟುಕೊಡುವ ಮೊದಲು ನನ್ನ ಕಿವಿಯಿಂದ ಒಂದು ಸಲ ಅದನ್ನು ಕೇಳಬೇಕಿತ್ತು.

ಕೀಲಿ ಹಾಕಿ, ಮಧ್ಯಾಹ್ನ ಚಾಚಿಯ ಅಡುಗೆಮನೆಯಲ್ಲಿ ಗೋಡೆಗೆ ಕಿವಿ ಹಚ್ಚಿ ಕೂತೆ. ಬದನೆಕಾಯಿ ಹೆಚ್ಚುತ್ತಿದ್ದ ಚಾಚಿ ಕೈ ತಡೆದರು.

"ಶುರು ಆತ್ ನೋಡ್ರಿ."

ಕಬ್ಬಿನ ಟ್ರ್ಯಾಕ್ಟರ್ ಹೋದದ್ದು ಕೇಳಿತು, ಅದರ ಹಾಡು ಕೇಳಿತು, ನನ್ನ ಉಸಿರು ಕೇಳಿತು. ಗೋಡೆಯಿಂದ ಏನೂ ಇಲ್ಲ.

"ಇಷ್ಟ್ ಜೋರ್ ಬಡಿಯಾಕತ್ತಾಳ, ಕೇಳ್ವಲ್ದೇನ್ರಿ?"

ಚಾಚಿಯ ಬೆರಳು ನೆಲದ ಮೇಲೆ ತಾಳ ಹಾಕತೊಡಗಿತು. ನಡುವೆ ಒಂದು ಬಡಿತ ಬಿಟ್ಟು, ಮತ್ತೆ. ನಾನು ಆ ಬೆರಳನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅದು ನಿಂತಿತು.

"ಮುಗೀತು. ಉಣ್ಣಾಕ ಹೋಗ್ರಿ ಇನ್ನ," ಎಂದರು, ದಿನದ ಮಾತಿನಂತೆ.

ಹೋದೆ. ಒಲೆ ತಣ್ಣಗಿತ್ತು.

ಚಾಚಿಗೆ ಭ್ರಮೆಯೋ, ಒಬ್ಬಂಟಿಯ ಮೇಲಿನ ಕರುಣೆಯೋ, ಮತ್ತೇನೋ, ಇವತ್ತಿಗೂ ಹೇಳಲಾರೆ. ಹುಕ್ಕೇರಿಗೆ ಹೋಗಲಿಲ್ಲ. ಚಾಚಿ ಈಗ ಅಂಕಲಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಗೋಡೆಯ ಆಚೆ ಯಾರೂ ಇಲ್ಲ. ಸಪ್ಪಳ ಬರುತ್ತದೋ ಇಲ್ಲವೋ ಹೇಳುವವರೇ ಇಲ್ಲ. ನೌಕರಿಯೂ ಮುಗಿದಿದೆ, ಹಗಲು ಮನೆ ಬಿಡುವ ಕಾರಣವಿಲ್ಲ. ಆದರೂ ಮಧ್ಯಾಹ್ನವಾಗುತ್ತಲೇ ಕೀಲಿ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುತ್ತೇನೆ. ನಾನು ಮನೆಯಲ್ಲಿದ್ದರೆ ಶಾಂತಾ ರೊಟ್ಟಿ ಬಡಿಯುವುದಿಲ್ಲ.